ಔಷಧ ತಯಾರಿಕಾ ಯಂತ್ರಗಳ ಶುಚಿತ್ವವನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಪರೀಕ್ಷಿಸುವ ಕ್ರಮ

ಒಂದೇ ಬ್ಲೆಂಡರ್, ಒಂದೇ ಗ್ರಾನ್ಯುಲೇಟರ್, ಒಂದೇ ಟ್ಯಾಬ್ಲೆಟ್ ಪ್ರೆಸ್ಸಿನಲ್ಲಿ ಹಲವು ಔಷಧಗಳನ್ನು ಒಂದಾದ ಮೇಲೊಂದರಂತೆ ತಯಾರಿಸುವ ಕಾರ್ಖಾನೆಗಳಲ್ಲಿ, ಹಿಂದಿನ ಔಷಧದ ಉಳಿಕೆಯು ಮುಂದಿನ ಔಷಧದೊಳಗೆ ಸೇರಿಹೋಗುವ ಅಪಾಯ ಯಾವಾಗಲೂ ಇರುತ್ತದೆ. ಆದ್ದರಿಂದ ಒಂದು ಉತ್ಪನ್ನ ಮುಗಿದ ಮೇಲೆ ಯಂತ್ರಗಳನ್ನು ತೊಳೆಯುತ್ತಾರೆ. ತೊಳೆದದ್ದು ಸಾಕಾಗಿದೆ ಎಂಬುದನ್ನು ಅಳತೆಯಿಂದ ರುಜುವಾತುಪಡಿಸುವ ಕೆಲಸವನ್ನು ಉದ್ಯಮದವರು ಕ್ಲೀನಿಂಗ್ ವ್ಯಾಲಿಡೇಶನ್ ಎಂದು ಕರೆಯುತ್ತಾರೆ. ಹೊಸ ಔಷಧಗಳಲ್ಲಿ ಅನೇಕವು ಮೈಕ್ರೋಗ್ರಾಂ ಪ್ರಮಾಣದಲ್ಲಿಯೇ ಕೆಲಸ ಮಾಡುವಷ್ಟು ತೀವ್ರವಾಗಿರುವುದರಿಂದ, ಅವುಗಳ ಉಳಿಕೆಯನ್ನು ಹುಡುಕಲು, ಅಣುಗಳನ್ನು ವಿದ್ಯುದಂಶವಿರುವ ಅಯಾನುಗಳಾಗಿಸಿ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನ ಬಳಕೆ ಹೆಚ್ಚುತ್ತಿದೆ.

ಈ ಲೇಖನವನ್ನು ಗುಣಮಟ್ಟ ಪರೀಕ್ಷಾ ಪ್ರಯೋಗಾಲಯದಲ್ಲಿ ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಆರಂಭದಲ್ಲಿಯೇ ಒಂದು ಮಾತನ್ನು ಹೇಳಿಬಿಡಬೇಕು. ನ್ಯಾನೋಗ್ರಾಂಗಳನ್ನು ಅಳೆಯಬಲ್ಲ ಮಾಪಕವನ್ನು ಕೊಳ್ಳುವುದು ಈ ಕೆಲಸದ ಸುಲಭ ಭಾಗ. ಉಕ್ಕಿನ ಮೇಲ್ಮೈಯಲ್ಲಿರುವ ಉಳಿಕೆ ಆ ಮಾಪಕದವರೆಗೆ ನಿಜವಾಗಿಯೂ ತಲುಪಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದೇ ಕಷ್ಟದ ಭಾಗ. ಮುಂದಿನ ಹಂತಗಳಲ್ಲಿ ಹೆಚ್ಚಿನವು ಇದೇ ಕಾಳಜಿಗೆ ಸಂಬಂಧಿಸಿವೆ.

ಹಂತ 1: ಮಿತಿಯನ್ನು ಲೆಕ್ಕ ಹಾಕಿ

ಎಷ್ಟು ಉಳಿಕೆಯನ್ನು ಒಪ್ಪಬಹುದು ಎಂಬ ಪ್ರಶ್ನೆಗೆ ಉತ್ತರವನ್ನು ವಿಷಶಾಸ್ತ್ರ ಕೊಡಬೇಕು. ಮಾಪಕ ಎಷ್ಟು ಸೂಕ್ಷ್ಮವಾಗಿದೆಯೋ ಅದನ್ನೇ ಮಿತಿಯೆಂದು ಇಟ್ಟುಕೊಂಡರೆ, ಮುಂದಿನ ವರ್ಷ ಇನ್ನೂ ಸೂಕ್ಷ್ಮವಾದ ಮಾಪಕ ಬಂದಾಗ ಅದೇ ಶುಚಿಯಾದ ಯಂತ್ರ ಕಾರಣವಿಲ್ಲದೆ ಕೊಳಕೆನಿಸಿಕೊಳ್ಳುತ್ತದೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1993ರಲ್ಲಿ ಹೊರತಂದ ತಪಾಸಣಾ ಮಾರ್ಗದರ್ಶಿಯು ಉದ್ಯಮದಲ್ಲಿ ಬಳಕೆಯಲ್ಲಿದ್ದ ಮೂರು ರೂಢಿಗಳನ್ನು ಉದಾಹರಿಸಿತ್ತು: ಹತ್ತು ಲಕ್ಷಕ್ಕೆ 10 ಪಾಲು, ಚಿಕಿತ್ಸೆಗೆ ಬಳಸುವ ಡೋಸಿನ ಸಾವಿರದಲ್ಲೊಂದು ಪಾಲು, ಮತ್ತು ಕಣ್ಣಿಗೆ ಉಳಿಕೆ ಕಾಣದಿರುವುದು. ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿಯ 2014ರ ಮಾರ್ಗಸೂಚಿಯ ನಂತರ ಗಮನವು ಪಿಡಿಇ ಎಂಬ ಮೌಲ್ಯದ ಕಡೆಗೆ ತಿರುಗಿತು. ಒಬ್ಬ ವ್ಯಕ್ತಿ ಜೀವಮಾನವಿಡೀ ಪ್ರತಿದಿನ ಸೇವಿಸಿದರೂ ಹಾನಿ ಆಗಲಾರದೆಂದು ಪರಿಗಣಿಸಲಾಗುವ ಪ್ರಮಾಣವೇ ಪಿಡಿಇ. ಅಧ್ಯಯನಗಳಲ್ಲಿ ದುಷ್ಪರಿಣಾಮ ಕಾಣಿಸದ ಅತಿ ಹೆಚ್ಚಿನ ಪ್ರಮಾಣವನ್ನು ದೇಹತೂಕದಿಂದ, ರೂಢಿಯಂತೆ 50 ಕಿಲೋದಿಂದ, ಗುಣಿಸಿ, ಪ್ರಾಣಿಯಿಂದ ಮನುಷ್ಯನಿಗೆ ಬರುವ ವ್ಯತ್ಯಾಸ, ಮನುಷ್ಯರ ನಡುವಿನ ವ್ಯತ್ಯಾಸ ಮೊದಲಾದ ಐದು ಅಂಶಗಳಿಂದ ಭಾಗಿಸಿ ಇದನ್ನು ಪಡೆಯುತ್ತಾರೆ. ಇದು ಅರ್ಹ ವಿಷಶಾಸ್ತ್ರಜ್ಞರ ಕೆಲಸ; ಪ್ರಯೋಗಾಲಯದವರು ತಾವೇ ಅಂದಾಜಿಸಬಾರದು.

ಪಿಡಿಇ ಕೈಗೆ ಬಂದ ಮೇಲಿನ ಲೆಕ್ಕ ಸರಳ ಅಂಕಗಣಿತ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಿಂದಿನ ಔಷಧದ ಪಿಡಿಇ ದಿನಕ್ಕೆ 0.05 ಮೈಕ್ರೋಗ್ರಾಂ ಎಂದಿರಲಿ. ಮುಂದಿನ ಉತ್ಪನ್ನದ ಅತಿ ಚಿಕ್ಕ ಬ್ಯಾಚ್ 100 ಕಿಲೋ, ರೋಗಿ ದಿನಕ್ಕೆ ಹೆಚ್ಚೆಂದರೆ ಸೇವಿಸುವುದು ಅದರ 500 ಮಿಲಿಗ್ರಾಂ. ಹಾಗಾದರೆ ಆ ಬ್ಯಾಚಿನಲ್ಲಿ 2,00,000 ದಿನಗಳ ಡೋಸ್ ಇದೆ. ಇಡೀ ಬ್ಯಾಚಿಗೆ ಸೇರಬಹುದಾದ ಒಟ್ಟು ಉಳಿಕೆ 10 ಮಿಲಿಗ್ರಾಂ. ಎರಡೂ ಉತ್ಪನ್ನಗಳನ್ನು ಮುಟ್ಟುವ ಎಲ್ಲ ಯಂತ್ರಗಳ ಒಟ್ಟು ಮೇಲ್ಮೈ 20 ಚದರ ಮೀಟರ್, ಅಂದರೆ 2,00,000 ಚದರ ಸೆಂಟಿಮೀಟರ್ ಇದ್ದರೆ, ಒಂದು ಚದರ ಸೆಂಟಿಮೀಟರಿಗೆ ಉಳಿಯಬಹುದಾದದ್ದು 0.05 ಮೈಕ್ರೋಗ್ರಾಂ. 25 ಚದರ ಸೆಂಟಿಮೀಟರ್ ಜಾಗವನ್ನು ಸ್ವಾಬಿನಿಂದ, ಅಂದರೆ ಬಟ್ಟೆಯ ತಲೆಯಿರುವ ಕಡ್ಡಿಯಿಂದ, ಒರೆಸಿ, ಆ ಸ್ವಾಬನ್ನು 10 ಮಿಲಿಲೀಟರ್ ದ್ರಾವಕದಲ್ಲಿ ಅದ್ದಿ ತೆಗೆದರೆ, ಮಿತಿಯಲ್ಲಿರುವ ಮಾದರಿಯ ಸಾಂದ್ರತೆ ಮಿಲಿಲೀಟರಿಗೆ 125 ನ್ಯಾನೋಗ್ರಾಂ ಆಗುತ್ತದೆ.

ಇಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು ಮೇಲ್ಮೈಯ ಲೆಕ್ಕದಲ್ಲಿದೆ. ಬ್ಲೆಂಡರ್ ಒಂದರ ವಿಸ್ತೀರ್ಣವನ್ನಷ್ಟೇ ಹಿಡಿದು, ಜರಡಿ, ಸಾಗಣೆ ಕೊಳವೆ, ಪ್ರೆಸ್, ಕೋಟಿಂಗ್ ಪ್ಯಾನ್‌ಗಳನ್ನು ಬಿಟ್ಟರೆ ಪ್ರತಿ ಯಂತ್ರಕ್ಕೂ 10 ಮಿಲಿಗ್ರಾಂ ಪೂರ್ತಿಯಾಗಿ ಕೊಟ್ಟಂತಾಗುತ್ತದೆ, ಆದರೆ ರೋಗಿಯ ಮಾತ್ರೆಯಲ್ಲಿ ಇವೆಲ್ಲವುಗಳ ಉಳಿಕೆ ಕೂಡಿಕೊಂಡೇ ಬರುತ್ತದೆ.

ಹಂತ 2: ಮಾಸ್ ಸ್ಪೆಕ್ಟ್ರೋಮೀಟರ್ ಬೇಕೇ ಎಂದು ನಿರ್ಧರಿಸಿ

ಎಲ್ಲ ಉಳಿಕೆಗಳಿಗೂ ಇದು ಬೇಕಾಗುವುದಿಲ್ಲ. ಕಣ್ಣಿನ ಪರೀಕ್ಷೆ ಎಲ್ಲಕ್ಕಿಂತ ಮೊದಲು ಬರುತ್ತದೆ. ಉಳಿಕೆ ಕಾಣುತ್ತಿದ್ದರೆ ಸ್ವಾಬ್ ತೆಗೆಯುವ ಅಗತ್ಯವೇ ಇಲ್ಲ, ಮತ್ತೆ ತೊಳೆಯಬೇಕು. ಆದರೆ ಕಣ್ಣಿಗೂ ಮಿತಿಯಿದೆ. ಚದರ ಸೆಂಟಿಮೀಟರಿಗೆ ಸುಮಾರು 4 ಮೈಕ್ರೋಗ್ರಾಂ ಎಂಬುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಉಲ್ಲೇಖವಾಗುತ್ತಿರುವ ಅಂಕಿ, ವಸ್ತು, ಬೆಳಕು ಮತ್ತು ನೋಡುವವರನ್ನು ಅನುಸರಿಸಿ ಅದು ಬದಲಾಗುತ್ತದೆ. ಮೇಲಿನ ಉದಾಹರಣೆಯ 0.05 ಮೈಕ್ರೋಗ್ರಾಂ ಮಿತಿಗೆ ಹೋಲಿಸಿದರೆ ಇದು 80 ಪಟ್ಟು ಹೆಚ್ಚು. ಅಂದರೆ ಫಳಫಳ ಹೊಳೆಯುವ ಉಕ್ಕಿನ ಮೇಲೆಯೂ ಅಪಾಯಕರ ಪ್ರಮಾಣದ ಉಳಿಕೆ ಇರಬಹುದು.

ಒಟ್ಟು ಸಾವಯವ ಇಂಗಾಲವನ್ನು ಅಳೆಯುವ ಟಿಒಸಿ ವಿಧಾನ ವೇಗವಾಗಿದೆ, ಆದರೆ ಇಂಗಾಲ ಔಷಧದ್ದೋ ಮಾರ್ಜಕದ್ದೋ ಸ್ವಾಬಿನ ಅಂಟಿನದ್ದೋ ಎಂಬುದನ್ನು ಅದು ಹೇಳಲಾರದು, ನೀರಿನಲ್ಲಿ ಕರಗದ ವಸ್ತುಗಳಿಗೆ ಅದನ್ನು ಬಳಸುವುದೂ ಕಷ್ಟ. ದ್ರಾವಣದಲ್ಲಿರುವ ವಸ್ತುಗಳನ್ನು ಕಾಲಮ್ಮಿನಲ್ಲಿ ಬೇರ್ಪಡಿಸುವ ದ್ರವ ಕ್ರೊಮ್ಯಾಟೋಗ್ರಫಿಯ ಒಂದು ಬಗೆಯಾದ, ನೇರಳಾತೀತ ಶೋಧಕವಿರುವ ಎಚ್‌ಪಿಎಲ್‌ಸಿ ಬಹುಪಾಲು ಔಷಧಗಳಿಗೆ ಸಾಕಾಗುತ್ತದೆ. ಮಿತಿ ಮಿಲಿಲೀಟರಿಗೆ ಮೈಕ್ರೋಗ್ರಾಂಗಳಲ್ಲಿದ್ದರೆ ಅದನ್ನು ಬಿಟ್ಟು ದುಬಾರಿ ಮಾಪಕದತ್ತ ಹೋಗುವುದು ಅನವಶ್ಯಕ ಎಂದೇ ನನ್ನ ಅಭಿಪ್ರಾಯ. ಮಿತಿ ನ್ಯಾನೋಗ್ರಾಂಗಳಿಗೆ ಇಳಿದಾಗ, ಅಣುವು ನೇರಳಾತೀತ ಬೆಳಕನ್ನು ಹೀರದಿದ್ದಾಗ, ಅಥವಾ ತೊಳೆಯುವಾಗ ಔಷಧ ಒಡೆದು ಏನಾಗಿದೆಯೆಂದು ತಿಳಿಯಬೇಕಾದಾಗ ಮಾಸ್ ಸ್ಪೆಕ್ಟ್ರೋಮೀಟರ್ ಅನಿವಾರ್ಯವಾಗುತ್ತದೆ.

ಹಂತ 3: ತಕ್ಕ ಮಾಪಕವನ್ನು ಆರಿಸಿ

ನಿಗದಿತ ಔಷಧವೊಂದನ್ನು ಅಳೆಯಲು ಟ್ರಿಪಲ್ ಕ್ವಾಡ್ರುಪೋಲ್ ಮಾಪಕವನ್ನು ದ್ರವ ಕ್ರೊಮ್ಯಾಟೋಗ್ರಫಿಯೊಂದಿಗೆ ಜೋಡಿಸಿ ಬಳಸುವುದು ಸಾಮಾನ್ಯ ಕ್ರಮ. ಮೊದಲ ಕ್ವಾಡ್ರುಪೋಲ್ ಔಷಧದ ಅಯಾನನ್ನು ಮಾತ್ರ ಒಳಗೆ ಬಿಡುತ್ತದೆ, ಎರಡನೆಯದರಲ್ಲಿ ಅದು ಅನಿಲದ ಅಣುಗಳಿಗೆ ಡಿಕ್ಕಿ ಹೊಡೆದು ಒಡೆಯುತ್ತದೆ, ಮೂರನೆಯದು ಆ ತುಂಡುಗಳಲ್ಲಿ ನಾವು ಆರಿಸಿದ ಒಂದನ್ನು ಮಾತ್ರ ಶೋಧಕಕ್ಕೆ ಕಳಿಸುತ್ತದೆ. ಉದಾಹರಣೆಗೆ ಪ್ರೋಟಾನ್ ಸೇರಿದ ಕೆಫೀನ್ ಅಯಾನು 195ರಲ್ಲಿ (ರಾಶಿ ಮತ್ತು ವಿದ್ಯುದಂಶದ ಅನುಪಾತ) ಕಾಣುತ್ತದೆ, ಒಡೆದಾಗ 138ರ ತುಂಡನ್ನು ಕೊಡುತ್ತದೆ; 195ರಿಂದ 138ಕ್ಕೆ ಹೋಗುವುದನ್ನು ಮಾತ್ರ ಗಮನಿಸುವುದರಿಂದ ಉಳಿದ ನೂರಾರು ವಸ್ತುಗಳ ಗದ್ದಲ ಕಳೆದುಹೋಗುತ್ತದೆ. ಪ್ರಮಾಣ ಅಳೆಯಲು ಒಂದು ತುಂಡನ್ನು, ಗುರುತನ್ನು ಖಚಿತಪಡಿಸಲು ಇನ್ನೊಂದನ್ನು ಆರಿಸಿ, ಎರಡರ ಅನುಪಾತವನ್ನು ಪ್ರತಿ ಮಾದರಿಯಲ್ಲೂ ನೋಡಬೇಕು.

ಮಾಪಕದ ನಕ್ಷೆಯಲ್ಲಿ ಕಂಡ ಗುರುತಿಸದ ಶಿಖರವೊಂದು ಏನೆಂದು ತಿಳಿಯಬೇಕಾದಾಗ ಟೈಮ್ ಆಫ್ ಫ್ಲೈಟ್ ಅಥವಾ ಆರ್ಬಿಟ್ರಾಪ್ ಮಾದರಿಯ ಹೆಚ್ಚು ನಿಖರತೆಯ ಮಾಪಕಗಳು ಬೇಕು. ಆವಿಯಾಗುವ ದ್ರಾವಕಗಳಿಗೆ ಅನಿಲ ಕ್ರೊಮ್ಯಾಟೋಗ್ರಫಿಯೊಂದಿಗಿನ ಮಾಪಕ, ಲೋಹಗಳಿಗೆ ಐಸಿಪಿ-ಎಂಎಸ್. 2004ರಲ್ಲಿ ಬಂದ ಡೆಸಿ, 2005ರಲ್ಲಿ ಬಂದ ಡಾರ್ಟ್ ವಿಧಾನಗಳಲ್ಲಿ ಕ್ರೊಮ್ಯಾಟೋಗ್ರಫಿ ಇಲ್ಲದೆಯೇ ಮೇಲ್ಮೈಯಿಂದ ನೇರವಾಗಿ ಅಯಾನುಗಳನ್ನು ಪಡೆಯಬಹುದು. ತೊಳೆಯುವ ವಿಧಾನವನ್ನು ರೂಪಿಸುವಾಗ ಹತ್ತಾರು ಪ್ರಯೋಗಗಳನ್ನು ಬೇಗ ಹೋಲಿಸಿ ನೋಡಲು ಇವು ಉತ್ತಮ. ಅಂತಿಮ ದಾಖಲೆಗೆ ಬೇಕಾದ ನಿಖರ ಪ್ರಮಾಣಕ್ಕೆ ಮಾತ್ರ ಕ್ರೊಮ್ಯಾಟೋಗ್ರಫಿಯ ಬೇರ್ಪಡಿಕೆಯನ್ನು ಬಿಡದಿರುವುದು ಲೇಸು.

ಹಂತ 4: ವಿಶ್ಲೇಷಣಾ ವಿಧಾನವನ್ನು ರೂಪಿಸಿ

ಎಚ್‌ಪಿಎಲ್‌ಸಿಯಲ್ಲಿ ಪಳಗಿದವರು ಮೊದಲು ಮರೆಯಬೇಕಾದದ್ದು ಫಾಸ್ಫೇಟ್ ಬಫರನ್ನು. ಅದು ಆವಿಯಾಗದೆ ಅಯಾನು ಮೂಲದಲ್ಲಿ ಗಟ್ಟಿಯಾಗಿ ಕೂರುತ್ತದೆ. ಫಾರ್ಮಿಕ್ ಆಮ್ಲ, ಅಮೋನಿಯಂ ಫಾರ್ಮೇಟ್, ಅಮೋನಿಯಂ ಅಸಿಟೇಟ್ ಮುಂತಾದ ಆವಿಯಾಗುವ ವಸ್ತುಗಳನ್ನೇ ಬಳಸಬೇಕು. ಟ್ರೈಫ್ಲೂರೋಅಸಿಟಿಕ್ ಆಮ್ಲ ಶಿಖರಗಳನ್ನು ಚೂಪಾಗಿಸುತ್ತದೆಯಾದರೂ ದ್ರಾವಣವನ್ನು ವಿದ್ಯುದಂಶವಿರುವ ಹನಿಗಳಾಗಿ ಚಿಮ್ಮಿಸಿ ಅಯಾನುಗಳನ್ನು ಪಡೆಯುವ ಎಲೆಕ್ಟ್ರೋಸ್ಪ್ರೇಯಲ್ಲಿ ಸಂಕೇತವನ್ನು ಕುಗ್ಗಿಸುತ್ತದೆ.

ಮಿತಿಯಲ್ಲಿರುವ ಸಾಂದ್ರತೆಯು ಗೊತ್ತಿರುವ ಸಾಂದ್ರತೆಯ ದ್ರಾವಣಗಳಿಂದ ಎಳೆದ ಮಾಪನಾಂಕ ರೇಖೆಯ ನಡುವೆ ಬರುವಂತೆ ವ್ಯಾಪ್ತಿಯನ್ನು ಆರಿಸಿ. ನಮ್ಮ ಉದಾಹರಣೆಯಲ್ಲಿ, ಸ್ವಾಬಿನ ರಿಕವರಿ, ಅಂದರೆ ಮೇಲ್ಮೈಯಲ್ಲಿದ್ದುದರಲ್ಲಿ ಮರಳಿ ಸಿಗುವ ಪಾಲು, ಶೇ 80 ಎಂದುಕೊಂಡರೆ, ಮಿತಿಯಲ್ಲಿರುವ ಮಾದರಿ ಮಾಪಕದಲ್ಲಿ 125ರ ಬದಲು 100 ನ್ಯಾನೋಗ್ರಾಂ ತೋರಿಸುತ್ತದೆ. ಹಾಗಾಗಿ ಮಿಲಿಲೀಟರಿಗೆ 10ರಿಂದ 200 ನ್ಯಾನೋಗ್ರಾಂವರೆಗಿನ ವ್ಯಾಪ್ತಿ ಸೂಕ್ತ. ಅದಕ್ಕಿಂತ ಕೆಳಗೆ ಇಳಿಯಲು ಮಾಪಕಕ್ಕೆ ಸಾಧ್ಯವಿದ್ದರೂ ಅದರಿಂದ ನಿರ್ಧಾರಕ್ಕೆ ಹೆಚ್ಚಿನ ಪ್ರಯೋಜನವಿಲ್ಲ, ಹಿನ್ನೆಲೆಯ ಕಲ್ಮಶಗಳ ಕಾಟ ಮಾತ್ರ ಹೆಚ್ಚುತ್ತದೆ. ವಿಧಾನದ ನಿರ್ದಿಷ್ಟತೆ, ನಿಖರತೆ, ಪುನರಾವರ್ತನೆ, ಅಳೆಯಬಹುದಾದ ಕನಿಷ್ಠ ಪ್ರಮಾಣ ಇವೆಲ್ಲವನ್ನೂ ಔಷಧ ನಿಯಂತ್ರಣದ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಒಂದಾದ ಐಸಿಎಚ್ ಕ್ಯೂ2 ಮಾರ್ಗಸೂಚಿಯಂತೆ ದಾಖಲಿಸಬೇಕು.

ಹಂತ 5: ಖಾಲಿ ಸ್ವಾಬನ್ನು ಪರೀಕ್ಷಿಸಿ

ಸ್ವಾಬ್ ಸ್ವತಃ ಕೊಳೆಯ ಮೂಲವಾಗಬಹುದು. ಹಿಡಿಗೆ ತಲೆಯನ್ನು ಅಂಟಿನಿಂದ ಕೂಡಿಸಿದ ಸ್ವಾಬುಗಳಿಗಿಂತ ಶಾಖದಿಂದ ಬೆಸೆದ, ಹೆಣೆದ ಪಾಲಿಯೆಸ್ಟರ್ ತಲೆಯ ಸ್ವಾಬುಗಳು ಒಳ್ಳೆಯದು. ಔಷಧವನ್ನು ಎಂದೂ ಕಾಣದ ಸ್ವಾಬನ್ನು ಮಾದರಿಯಂತೆಯೇ ದ್ರಾವಕದಲ್ಲಿ ಅದ್ದಿ ತೆಗೆದು ಮಾಪಕದಲ್ಲಿ ಓಡಿಸಿ ನೋಡಿ. ಪೂರ್ಣ ಸ್ಕ್ಯಾನ್‌ನಲ್ಲಿ 44ರ ಅಂತರದಲ್ಲಿ ಸಾಲಾಗಿ ನಿಂತ ಶಿಖರಗಳು ಕಂಡರೆ ಅದು ಪಾಲಿಎಥಿಲೀನ್ ಗ್ಲೈಕಾಲ್, 74ರ ಅಂತರವಿದ್ದರೆ ಸಿಲಿಕೋನ್, 338ರಲ್ಲಿ ಹಟಮಾರಿಯಂತೆ ನಿಂತದ್ದು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನಿಂದ ಇಳಿದ ಎರುಕಮೈಡ್. ಇವುಗಳ ಪರಿಚಯವಿದ್ದವರು ಅನವಶ್ಯಕ ತನಿಖೆಗಳಿಂದ ಪಾರಾಗುತ್ತಾರೆ. ಬಾಟಲಿಯ ವಿಷಯದಲ್ಲೂ ಎಚ್ಚರ ಬೇಕು: ಕ್ಷಾರೀಯ ಔಷಧಗಳಲ್ಲಿ ಕೆಲವು ಗಾಜಿಗೆ ಅಂಟಿಕೊಂಡು ದ್ರಾವಣದಿಂದ ಮಾಯವಾಗುತ್ತವೆ, ನ್ಯಾನೋಗ್ರಾಂ ಮಟ್ಟದಲ್ಲಿ ಈ ನಷ್ಟ ಫಲಿತಾಂಶವನ್ನೇ ಬದಲಿಸಬಲ್ಲದು.

ಹಂತ 6: ರಿಕವರಿ ಎಷ್ಟೆಂದು ಕಂಡುಕೊಳ್ಳಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯವನ್ನು ಕೊಡಬೇಕಾದ ಹಂತ ಇದು. ಸ್ವಾಬ್ ಮೇಲ್ಮೈಯಲ್ಲಿರುವುದನ್ನೆಲ್ಲ ಎತ್ತಿಕೊಳ್ಳುವುದಿಲ್ಲ, ಎತ್ತಿಕೊಂಡದ್ದನ್ನೆಲ್ಲ ದ್ರಾವಕಕ್ಕೆ ಬಿಟ್ಟುಕೊಡುವುದೂ ಇಲ್ಲ. ಆದ್ದರಿಂದ ಯಂತ್ರದಲ್ಲಿರುವ ಪ್ರತಿಯೊಂದು ವಸ್ತುವಿನ ಸಣ್ಣ ಫಲಕಗಳನ್ನು, ಅಂದರೆ 316ಎಲ್ ಸ್ಟೇನ್‌ಲೆಸ್ ಸ್ಟೀಲ್, ಗಾಜು, ಪಿಟಿಎಫ್‌ಇ, ಸಿಲಿಕೋನ್ ರಬ್ಬರ್ ಮುಂತಾದವುಗಳನ್ನು, ಯಂತ್ರದಲ್ಲಿರುವಷ್ಟೇ ನಯವಾಗಿ ಮಾಡಿಸಿಕೊಳ್ಳಬೇಕು. ಗೊತ್ತಿರುವ ಪ್ರಮಾಣದ ಔಷಧವನ್ನು ಮಿತಿಯ ಅರ್ಧ, ಮಿತಿಯಷ್ಟು, ಮಿತಿಗಿಂತ ಹೆಚ್ಚು ಎಂಬ ಮೂರು ಮಟ್ಟಗಳಲ್ಲಿ ಅವುಗಳ ಮೇಲೆ ಹರಡಿ, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಸ್ವಾಬ್ ಮಾಡಿ ಎಷ್ಟು ಮರಳಿ ಸಿಕ್ಕಿತೆಂದು ಅಳೆಯಬೇಕು.

ಒಣಗುವ ಅವಧಿಯಲ್ಲಿ ಅವಸರ ಮಾಡುವ ಪ್ರಲೋಭನೆ ದೊಡ್ಡದು, ಏಕೆಂದರೆ ಹಸಿಯಾಗಿದ್ದಾಗ ಒರೆಸಿದರೆ ಅಂಕಿಗಳು ಚೆನ್ನಾಗಿ ಬರುತ್ತವೆ. ಯಂತ್ರದ ಮೇಲಿನ ಉಳಿಕೆ ಮಾತ್ರ ಹಸಿಯಾಗಿರುವುದಿಲ್ಲ. ಬಿಸಿನೀರಿನಿಂದ ತೊಳೆದು ಒಣಗಿಸಿದ ಮೇಲೆ ಅದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅಂತೆಯೇ ಶುದ್ಧ ಔಷಧವನ್ನಷ್ಟೇ ಫಲಕಕ್ಕೆ ಹಚ್ಚುವ ಬದಲು, ಮಾತ್ರೆಯಲ್ಲಿರುವ ಬೈಂಡರ್, ಮೆಗ್ನೀಸಿಯಂ ಸ್ಟಿಯರೇಟ್ ಮುಂತಾದ ಸಹಾಯಕ ವಸ್ತುಗಳೊಂದಿಗೆ ಹಚ್ಚಿದ ಪ್ರಯೋಗವೂ ಇರಲಿ.

ಶೇ 70ಕ್ಕಿಂತ ಹೆಚ್ಚು ರಿಕವರಿಯನ್ನು ಬಹಳಷ್ಟು ಪ್ರಯೋಗಾಲಯಗಳು ಗುರಿಯಾಗಿ ಇಟ್ಟುಕೊಳ್ಳುತ್ತವೆ. ಶೇ 50ಕ್ಕಿಂತ ಕೆಳಗೆ ಬಂದರೆ ದ್ರಾವಕವನ್ನೋ ಸ್ವಾಬನ್ನೋ ಒರೆಸುವ ಕ್ರಮವನ್ನೋ ಬದಲಿಸಿ ನೋಡಬೇಕು. ಸರಾಸರಿ ಹೆಚ್ಚಿದೆ ಎಂಬುದಕ್ಕಿಂತ ಅಂಕಿಗಳು ಒಂದರ ಹತ್ತಿರ ಒಂದಿವೆ ಎಂಬುದು ಮುಖ್ಯ. ಪ್ರತಿಬಾರಿಯೂ ಶೇ 65ರ ಆಸುಪಾಸಿನಲ್ಲಿ ಸಿಗುವ ವಿಧಾನವನ್ನು, ಒಮ್ಮೆ 95 ಇನ್ನೊಮ್ಮೆ 50 ಕೊಡುವ ವಿಧಾನಕ್ಕಿಂತ ನಾನು ಹೆಚ್ಚು ನಂಬುತ್ತೇನೆ. ಫಲಿತಾಂಶ ವ್ಯಕ್ತಿಯ ಕೈಯನ್ನೂ ಅವಲಂಬಿಸುವುದರಿಂದ, ಯಂತ್ರದ ಮೇಲೆ ಸ್ವಾಬ್ ಮಾಡಲಿರುವ ಪ್ರತಿಯೊಬ್ಬರೂ ಮೊದಲು ಫಲಕದ ಮೇಲೆ ತಮ್ಮ ರಿಕವರಿಯನ್ನು ತೋರಿಸಿ ಅರ್ಹತೆ ಪಡೆದಿರಬೇಕು.

ಹಂತ 7: ಸಂಕೇತ ಕುಗ್ಗುತ್ತಿದೆಯೇ ನೋಡಿ

ಎಲೆಕ್ಟ್ರೋಸ್ಪ್ರೇಯಲ್ಲಿ ಹನಿಯ ಮೇಲ್ಮೈಯಲ್ಲಿ ಜಾಗಕ್ಕಾಗಿ ಪೈಪೋಟಿ ನಡೆಯುತ್ತದೆ. ತುಂಬಿದ ಬಸ್ಸಿನ ಬಾಗಿಲಲ್ಲಿ ಮೊಣಕೈ ಬಲವಿದ್ದವರು ಮೊದಲು ಒಳನುಗ್ಗುವಂತೆ, ಮಾರ್ಜಕದ ಅಣುಗಳು ಔಷಧದ ಅಣುಗಳನ್ನು ಹಿಂದಕ್ಕೆ ತಳ್ಳಿ ತಾವು ಅಯಾನುಗಳಾಗುತ್ತವೆ. ಆಗ ಔಷಧ ಇದ್ದರೂ ಮಾಪಕ ಕಡಿಮೆ ತೋರಿಸುತ್ತದೆ, ಕೆಲವೊಮ್ಮೆ ತೋರಿಸುವುದೇ ಇಲ್ಲ. ಸರಿಯಾಗಿ ತೊಳೆಯದೆ ಮಾರ್ಜಕ ಉಳಿದ ಯಂತ್ರವೇ ಹೀಗೆ ಶುಚಿಯೆಂದು ಪಾಸಾಗಬಹುದು ಎಂಬುದು ಇಲ್ಲಿನ ಅಪಾಯ.

ಇದನ್ನು ಪತ್ತೆ ಹಚ್ಚಲು ಖಾಲಿ ಸ್ವಾಬಿನ ದ್ರಾವಣಕ್ಕೆ ಮಾರ್ಜಕವನ್ನು ಬೆರೆಸಿ, ಅದಕ್ಕೆ ಗೊತ್ತಿರುವ ಪ್ರಮಾಣದ ಔಷಧವನ್ನು ಸೇರಿಸಿ, ಶುದ್ಧ ದ್ರಾವಕದಲ್ಲಿ ಅದೇ ಪ್ರಮಾಣ ಕೊಡುವ ಸಂಕೇತದೊಂದಿಗೆ ಹೋಲಿಸಬೇಕು. ಕ್ರೊಮ್ಯಾಟೋಗ್ರಫಿಯ ಯಾವ ನಿಮಿಷದಲ್ಲಿ ಕುಗ್ಗುವಿಕೆ ಆಗುತ್ತಿದೆಯೆಂದು ತಿಳಿಯಲು, ಕಾಲಮ್ಮಿನ ನಂತರ ಔಷಧವನ್ನು ಸತತವಾಗಿ ಹರಿಸುತ್ತ ಖಾಲಿ ಮಾದರಿಯನ್ನು ಇಂಜೆಕ್ಟ್ ಮಾಡಿ, ರೇಖೆ ಎಲ್ಲಿ ತಗ್ಗುತ್ತದೆಯೆಂದು ನೋಡುವ ಕ್ರಮವಿದೆ. ಔಷಧದ ಶಿಖರ ಆ ತಗ್ಗಿನಲ್ಲಿ ಬಂದರೆ ಅದನ್ನು ಆಚೆಗೆ ಸರಿಸಬೇಕು. ಹೈಡ್ರೋಜನ್ನಿನ ಭಾರವಾದ ರೂಪವಾದ ಡ್ಯೂಟೀರಿಯಂ ಸೇರಿಸಿದ ಅದೇ ಔಷಧವನ್ನು, ಪ್ರತಿ ಮಾದರಿಗೂ ಒಂದೇ ಪ್ರಮಾಣದಲ್ಲಿ ಬೆರೆಸುವ ಆಂತರಿಕ ಮಾನಕವಾಗಿ ಬಳಸುವುದು ಇನ್ನೂ ಉತ್ತಮ. ಔಷಧ ಕುಗ್ಗಿದಷ್ಟೇ ಅದೂ ಕುಗ್ಗುವುದರಿಂದ ಅನುಪಾತ ಉಳಿಯುತ್ತದೆ, ಮತ್ತು ಅದರ ಸಂಕೇತ ಹಠಾತ್ತಾಗಿ ಬಿದ್ದ ಮಾದರಿಯಲ್ಲಿ ಏನೋ ಇದೆಯೆಂಬ ಸೂಚನೆ ತಾನಾಗಿ ಸಿಗುತ್ತದೆ.

ಹಂತ 8: ಯಂತ್ರದಿಂದ ಮಾದರಿಯನ್ನು ತೆಗೆಯಿರಿ

ಜಾಗದ ಆಯ್ಕೆಯಲ್ಲಿ ಅನುಕೂಲಕ್ಕಿಂತ ಅನುಮಾನಕ್ಕೆ ಬೆಲೆ ಕೊಡಬೇಕು. ನಯವಾದ ಬದಿಗೋಡೆಯನ್ನು ಒರೆಸುವುದು ಸುಲಭ, ಅಲ್ಲಿ ಉಳಿಕೆ ಇರುವ ಸಂಭವವೂ ಕಡಿಮೆ. ಗ್ಯಾಸ್ಕೆಟ್ಟಿನ ಅಂಚು, ವಾಲ್ವಿನ ಒಳಭಾಗ, ಕಲಕುವ ಅಲಗಿನ ಹಿಂಬದಿ, ವೆಲ್ಡಿಂಗ್ ಗೆರೆ, ಸ್ಪ್ರೇ ಬಾಲ್‌ನ ನೀರು ತಾಗದ ಮೂಲೆ, ಪ್ರೆಸ್ಸಿನ ಫೀಡ್ ಫ್ರೇಮ್ ಇಂಥ ಜಾಗಗಳು ಪಟ್ಟಿಯಲ್ಲಿರಲೇಬೇಕು. ಬಳಸಿದ ಯಂತ್ರವನ್ನು ತೊಳೆಯದೆ ಎಷ್ಟು ಗಂಟೆ ಇಡಬಹುದೆಂದು ಕಾರ್ಯವಿಧಾನ ಹೇಳುತ್ತದೆಯೋ, ಅಷ್ಟೂ ಹೊತ್ತು ಇಟ್ಟು ಆಮೇಲೆ ತೊಳೆದ ಯಂತ್ರದ ಮೇಲೆಯೇ ಈ ಪರೀಕ್ಷೆ ನಡೆಯಬೇಕು.

ಕಣ್ಣಿನ ಪರೀಕ್ಷೆ ಮುಗಿದ ಮೇಲೆ, ಕೈಗವಸು ಹಾಕಿಕೊಂಡು, ದ್ರಾವಕದಲ್ಲಿ ಅದ್ದಿ ಹೆಚ್ಚಿನದನ್ನು ಹಿಂಡಿ ತೆಗೆದ ಸ್ವಾಬಿನಿಂದ 5 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಚೌಕವನ್ನು ಒತ್ತಾಗಿ ಸಮಾನಾಂತರ ಗೆರೆಗಳಲ್ಲಿ ಅಡ್ಡಲಾಗಿ ಒರೆಸಿ. ಸ್ವಾಬನ್ನು ತಿರುಗಿಸಿ ಇನ್ನೊಂದು ಬದಿಯಿಂದ ಲಂಬವಾಗಿ ಒರೆಸಿ. ಸ್ವಾಬ್ ತಲೆಯನ್ನು ನೇರವಾಗಿ ಬಾಟಲಿಗೆ ಮುರಿದು ಹಾಕಿ ಮುಚ್ಚಿ, ಜಾಗ, ಸಮಯ, ಹೆಸರನ್ನು ಅಲ್ಲಿಯೇ ಬರೆಯಿರಿ. ಒರೆಸಿದ ಚೌಕದ ಮೇಲೆ ದ್ರಾವಕ ಉಳಿಯದಂತೆ ಆಮೇಲೆ ಸ್ವಚ್ಛಗೊಳಿಸಬೇಕು. ಅದೇ ಕೋಣೆಯ ಗಾಳಿಗೆ ಒಡ್ಡಿದ, ಯಂತ್ರವನ್ನು ಮುಟ್ಟಿಸದ ಸ್ವಾಬೊಂದನ್ನು ಜೊತೆಯಲ್ಲಿ ಕಳಿಸುವುದನ್ನು ಮರೆಯಬಾರದು.

ಕೈ ತಲುಪದ ಉದ್ದ ಕೊಳವೆಗಳಿಗೆ ಕೊನೆಯ ತೊಳೆನೀರಿನ ಮಾದರಿ ಬೇಕಾಗುತ್ತದೆ. ನೀರಿನಲ್ಲಿ ಕರಗದ ಔಷಧ ಗೋಡೆಗೆ ಅಂಟಿಕೊಂಡೇ ಇದ್ದು, ನೀರು ಮಾತ್ರ ಶುದ್ಧವಾಗಿ ಹೊರಬರಬಹುದಾದ್ದರಿಂದ ಇದೊಂದನ್ನೇ ಆಧಾರವಾಗಿಸಿಕೊಳ್ಳಬಾರದು.

ಹಂತ 9: ಮಾಪಕದಲ್ಲಿ ಓಡಿಸಿ

ಸರಣಿಯ ಆರಂಭದಲ್ಲಿ ಖಾಲಿ ದ್ರಾವಕ, ನಂತರ ಮಾಪನಾಂಕ ಮಾನಕಗಳು, ಅತಿ ಹೆಚ್ಚಿನ ಮಾನಕದ ಹಿಂದೆಯೇ ಮತ್ತೊಂದು ಖಾಲಿ ದ್ರಾವಕ ಬರಲಿ. ಹಿಂದಿನ ಇಂಜೆಕ್ಷನ್ನಿನ ಶೇಷ ಸೂಜಿಯಲ್ಲೋ ವಾಲ್ವಿನಲ್ಲೋ ಉಳಿದಿದೆಯೇ ಎಂಬುದು ಆ ಖಾಲಿಯಲ್ಲಿ ತಿಳಿಯುತ್ತದೆ. ಯಂತ್ರದ ಕೊಳೆಯನ್ನು ಹುಡುಕುವ ಮಾಪಕವೇ ಕೊಳೆಯಾಗಿದ್ದರೆ ಉಪಯೋಗವಿಲ್ಲ. ಮಾದರಿಗಳ ನಡುನಡುವೆ ಮತ್ತು ಕೊನೆಯಲ್ಲಿ ಗುಣಮಟ್ಟ ನಿಯಂತ್ರಣ ಮಾದರಿಗಳಿರಬೇಕು. ರೇಖೆಯ ಮೇಲ್ಮಿತಿಯನ್ನು ದಾಟಿದ ಮಾದರಿಯ ಅಂಕಿಯನ್ನು ಹಾಗೆಯೇ ಬರೆಯದೆ, ದುರ್ಬಲಗೊಳಿಸಿ ಮತ್ತೆ ಓಡಿಸಬೇಕು.

ಹಂತ 10: ಲೆಕ್ಕ ಹಾಕಿ ನಿರ್ಧರಿಸಿ

ಮಾಪಕ ಮಿಲಿಲೀಟರಿಗೆ 36 ನ್ಯಾನೋಗ್ರಾಂ ತೋರಿಸಿತು ಎನ್ನೋಣ. 10 ಮಿಲಿಲೀಟರಿನಲ್ಲಿ 360 ನ್ಯಾನೋಗ್ರಾಂ, ರಿಕವರಿ 0.80ರಿಂದ ಭಾಗಿಸಿದರೆ 450. 25 ಚದರ ಸೆಂಟಿಮೀಟರಿಗೆ ಹಂಚಿದರೆ ಚದರ ಸೆಂಟಿಮೀಟರಿಗೆ 18 ನ್ಯಾನೋಗ್ರಾಂ, ಅಂದರೆ 0.018 ಮೈಕ್ರೋಗ್ರಾಂ. ಮಿತಿ 0.05 ಇರುವುದರಿಂದ ಈ ಜಾಗ ಪಾಸಾಯಿತು. ರಿಕವರಿಯನ್ನು ಮಿತಿಯಲ್ಲಿ ಸೇರಿಸಿಕೊಂಡಿದ್ದರೆ ಫಲಿತಾಂಶದಲ್ಲಿ ಮತ್ತೆ ಸೇರಿಸಬಾರದು. ಎರಡರಲ್ಲಿ ಒಂದು ಕಡೆ ಮಾತ್ರ. ಹಾಗೆಯೇ ಒಂಬತ್ತು ಜಾಗಗಳ ಕಡಿಮೆ ಅಂಕಿಗಳೊಂದಿಗೆ ಹತ್ತನೆಯದರ ಹೆಚ್ಚಿನ ಅಂಕಿಯನ್ನು ಸರಾಸರಿ ಮಾಡಿ ಮುಚ್ಚಿಹಾಕಬಾರದು. ಉಳಿಕೆ ಸಮನಾಗಿ ಹರಡಿರುವುದಿಲ್ಲ, ಆ ಒಂದು ಮೂಲೆಯ ತುಣುಕು ಕೆಲವೇ ಮಾತ್ರೆಗಳಲ್ಲಿ ಸೇರಿಬಿಡಬಹುದು.

ಔಷಧದ ಶಿಖರ ಇಲ್ಲ, ಆದರೆ ಬೇರೆ ಶಿಖರವಿದೆ ಎಂದಾದಾಗ ಸಮಾಧಾನಪಡಬಾರದು. ಎಸ್ಟರ್ ಬಂಧವಿರುವ ಔಷಧಗಳು ಬಿಸಿ ಕ್ಷಾರೀಯ ಮಾರ್ಜಕದಲ್ಲಿ ಜಲವಿಭಜನೆಗೊಂಡು ಆಮ್ಲವೂ ಆಲ್ಕೋಹಾಲೂ ಆಗಿ ಒಡೆಯುತ್ತವೆ. ನಾವು ಮೂಲ ಅಣುವನ್ನು ಮಾತ್ರ ಹುಡುಕುತ್ತಿದ್ದರೆ ಅವು ಕಾಣುವುದಿಲ್ಲ. ಪ್ರೋಟೀನ್ ಔಷಧಗಳಲ್ಲಂತೂ ಕ್ಷಾರದಲ್ಲಿ ತೊಳೆದ ಮೇಲೆ ಮೂಲ ಅಣು ಉಳಿಯುವುದೇ ಅಪರೂಪವಾದ್ದರಿಂದ ಅಲ್ಲಿ ಟಿಒಸಿಗೇ ಆದ್ಯತೆ ಕೊಡುವುದು ಸಮಂಜಸ. ತೊಳೆಯುವ ವಿಧಾನವನ್ನು ರೂಪಿಸುವಾಗಲೇ ಔಷಧವನ್ನು ಮಾರ್ಜಕದಲ್ಲಿ ಕಾಯಿಸಿ, ಯಾವ ತುಣುಕುಗಳು ಹುಟ್ಟುತ್ತವೆಯೆಂದು ನೋಡಿಟ್ಟುಕೊಂಡರೆ ಈ ತೊಂದರೆ ತಪ್ಪುತ್ತದೆ.

ಮಿತಿ ಮೀರಿದ ಫಲಿತಾಂಶ ಬಂದಾಗ, ತಕ್ಷಣ ಯಂತ್ರವನ್ನು ಮತ್ತೆ ತೊಳೆದು ಹೊಸ ಸ್ವಾಬ್ ತೆಗೆಯುವ ಮೊದಲು ತನಿಖೆ ನಡೆಯಬೇಕು: ಖಾಲಿ ಸ್ವಾಬ್ ಶುದ್ಧವಿತ್ತೇ, ಆಂತರಿಕ ಮಾನಕ ಸ್ಥಿರವಾಗಿತ್ತೇ, ಮಾರ್ಜಕದ ಪ್ರಮಾಣ, ನೀರಿನ ಉಷ್ಣತೆ, ತೊಳೆದ ಅವಧಿ ದಾಖಲೆಯಂತೆ ನಡೆದಿವೆಯೇ ಎಂದು ನೋಡಬೇಕು. ಸ್ವಾಬ್ ಮಾಡಿದ ಜಾಗದಿಂದ ಉಳಿಕೆ ಆಗಲೇ ಎದ್ದುಹೋಗಿರುವುದರಿಂದ ಅಲ್ಲಿಯೇ ಮತ್ತೆ ಸ್ವಾಬ್ ಮಾಡಿ ಮೊದಲ ಅಂಕಿಯನ್ನು ತಳ್ಳಿಹಾಕುವುದಕ್ಕೆ ಅರ್ಥವಿಲ್ಲ.

ವ್ಯಾಲಿಡೇಶನ್‌ಗೆ ಸತತ ಮೂರು ಬಾರಿ ಪಾಸಾಗುವುದು ರೂಢಿಯಲ್ಲಿದೆ. ಆಮೇಲೆಯೂ ಹೊಸ ಉತ್ಪನ್ನ, ಹೊಸ ಮಾರ್ಜಕ, ಹೊಸ ಗ್ಯಾಸ್ಕೆಟ್, ಬ್ಯಾಚಿನ ಗಾತ್ರ ಇವುಗಳಲ್ಲಿ ಯಾವುದು ಬದಲಾದರೂ ಹಂತ 1ರ ಲೆಕ್ಕವನ್ನು ಮತ್ತೆ ಮಾಡಬೇಕಾಗುತ್ತದೆ. ನಮ್ಮ ಉದಾಹರಣೆಯ ಬ್ಯಾಚ್ 100ರಿಂದ 50 ಕಿಲೋಗೆ ಇಳಿದರೆ ಮಿತಿ 0.025 ಮೈಕ್ರೋಗ್ರಾಂ ಆಗುತ್ತದೆ, ಮಾಪಕದಲ್ಲಿ ಕಾಣಬೇಕಾದ ಸಾಂದ್ರತೆ 100ರ ಬದಲು 50 ನ್ಯಾನೋಗ್ರಾಂ. ಮಾಪನಾಂಕ ರೇಖೆ 10ರಿಂದಲೇ ಆರಂಭವಾಗಿರುವುದರಿಂದ ವಿಶ್ಲೇಷಣಾ ವಿಧಾನವನ್ನು ಬದಲಿಸಬೇಕಿಲ್ಲ. ಆದರೆ ಹೊಸ ಮಿತಿಯ ಅರ್ಧದಷ್ಟು ಪ್ರಮಾಣ ಹಿಂದಿನ ರಿಕವರಿ ಪ್ರಯೋಗಗಳ ವ್ಯಾಪ್ತಿಗಿಂತ ಕೆಳಗೆ ಬೀಳುವುದರಿಂದ, ಆ ಮಟ್ಟದಲ್ಲಿ ಫಲಕಗಳ ಮೇಲೆ ಹೊಸದಾಗಿ ರಿಕವರಿಯನ್ನು ಅಳೆಯಬೇಕು.